ಅರವತ್ತಮೂರನೇ ತಾಸು

ಅಕ್ಕಲಕೋಟೆ ದಾಟಿ, ಸಕ್ಕರೆ ಕಾರ್ಖಾನೆಯ ಹಿಂದೆ
ಕಬ್ಬಿನ ಮಡ್ಡಿ ಕೊಳೆತು ಗಾಳಿಯಾಗುವ ಗುಮ್ಮಟದ ಪಕ್ಕ
ತಗಡು ಹೊದಿಸಿದ ಒಂದು ಕೋಣೆ.
ಬಾಗಿಲ ಮೇಲೆ ಕೆಂಪಕ್ಷರ: ಧೋಕಾ.
ಮರಾಠಿಯಲ್ಲಿ ಅದು ಅಪಾಯ, ನಮ್ಮಲ್ಲಿ ಮೋಸ.
ಎರಡು ವರ್ಷ ಇಲ್ಲಿ ದುಡಿದವಳು ನಾನು,
ಎರಡೂ ಸರಿ ಅನ್ನುತ್ತೇನೆ.

ಒಳಗೆ ಬೆರಳುಗಾತ್ರದ ಸ್ಫಟಿಕದ ನಳಿಗೆ.
ಅದರ ಹೊಟ್ಟೆಯಲ್ಲಿ ನೂರು ಮಿಲಿಗ್ರಾಂ ಪುಡಿ,
ಅವ್ವ ಎಲೆಗೆ ಸವರುವ ಸುಣ್ಣಕ್ಕಿಂತ ಕಡಿಮೆ.
ನಿಕ್ಕಲ್, ಅಲ್ಯುಮಿನಾ, ಈ ಸಲ ಚಿಟಿಕೆ ಲ್ಯಾಂಥನಮ್.
ನಲವತ್ತೊಂದನೇ ಮಾದರಿ.

ಮೇಲಿನಿಂದ ಇಬ್ಬರು ಇಳಿಯುತ್ತಾರೆ.
ಒಬ್ಬ ಮೀಥೇನ್,
ನಾಲ್ಕು ಜಲಜನಕಗಳ ಕೈ ಬಿಡಲೊಲ್ಲದ ಹಟಮಾರಿ.
ಇನ್ನೊಬ್ಬ ಇಂಗಾಲದ ಡೈಆಕ್ಸೈಡ್,
ಸುಟ್ಟು ಮುಗಿದಾಯಿತು, ಇನ್ನೇನೂ ಬೇಡೆಂದು ಕೂತವನು.
ಎಂಟುನೂರು ಡಿಗ್ರಿಯ ಒಂದೇ ಕಟ್ಟೆಯ ಮೇಲೆ
ಇಬ್ಬರನ್ನೂ ಕೂರಿಸಿ ಮಾತಾಡಿಸಬೇಕು ನಿಕ್ಕಲ್.
ಒಪ್ಪಿದರೆ ಕೆಳಗಿಂದ ಹೊರಡುತ್ತದೆ ಸಿನ್‌ಗ್ಯಾಸ್,
ನಾಳಿನ ಡೀಸೆಲ್ಲಿಗೆ ಹಿಟ್ಟು.
ಇನ್ನೂ ರೊಟ್ಟಿಯಲ್ಲ.

ಯೆಲದಂಡಿ ಶ್ರೀಹರಿ, ಸೋಲಾಪುರದಲ್ಲಿ
ಅಪ್ಪನ ಚಾದರದ ಮಗ್ಗ ಗುಜರಿಗೆ ಹಾಕಿ ಬಂದವನು,
ಪಂಪಿನ ಸದ್ದಿಗೆ ಕಿವಿಗೊಟ್ಟು ಹೇಳುತ್ತಾನೆ
ಎಳೆ ಎಲ್ಲಿ ಸಡಿಲಾಯಿತೆಂದು.
ನನಗೆ ಪರದೆಯ ಗೆರೆ ಬೇಕು.
ಮೊದಲ ದಿನ ಗೆರೆ ಎಂಬತ್ತೆಂಟು.
ಎರಡನೇ ರಾತ್ರಿ ಎಂಬತ್ತಾರು.
ಮಲಗಿದ ಕೂಸಿನ ಚಂದ ಆಡಬಾರದಂತೆ;
ನಾವೂ ಆಡಲಿಲ್ಲ.

ಅರವತ್ತಮೂರನೇ ತಾಸಿಗೆ
ಒತ್ತಡದ ಮುಳ್ಳು ಎದ್ದು ನಿಂತಿತು.
ನಳಿಗೆ ಟಕ್ ಅಂದಿತು.

ಆರಿದ ಮೇಲೆ ತೆಗೆದರೆ
ಪುಡಿ ಮೂರುಪಟ್ಟು ಉಬ್ಬಿದೆ,
ಎರೆಹೊಲದಷ್ಟು ಕಪ್ಪು,
ಬೆರಳಿಗೆ ಕಾಡಿಗೆಯಷ್ಟು ಮೆತ್ತಗೆ.
ಪುಣೆಯಿಂದ ವಾರದ ಮೇಲೆ ಚಿತ್ರ ಬಂತು, ಲಕ್ಷಪಟ್ಟು ಹಿಗ್ಗಿಸಿದ್ದು:
ಇಂಗಾಲದ ಕೂದಲು, ಗುಂಗುರು ಗುಂಗುರಾಗಿ,
ಒಂದೊಂದರ ತುದಿಗೂ
ಕೂತ ನೆಲದಿಂದ ಕಿತ್ತು ಮೇಲೆತ್ತಿದ
ಒಂದೊಂದು ನಿಕ್ಕಲ್ ಕಣ.
ಅಲ್ಲಿಯೂ ಅದು ಕೆಲಸ ಬಿಟ್ಟಿರಲಿಲ್ಲ.
ಕೆಲಸ ಮಾಡಿ ಮಾಡಿಯೇ
ದಾರಿ ಮುಚ್ಚಿತ್ತು.

ಮನೆಯಲ್ಲಿ ಅವ್ವ ಮೊರದ ಮುಂದೆ.
ನೆನೆಸಿದ ಎಲೆ, ತಂಬಾಕು, ಕೆಂಪು ದಾರ.
ಫೋನು ಹಿಡಿದು ತೋರಿಸಿದೆ.
“ಏನವಾ ಇದು, ಹುಳಾನ?”
“ಛಾಟ್ ಆತು ಯವ್ವಾ. ಮೂರು ದಿನದ್ದು.”

ಛಾಟ್ ಅಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಿಲ್ಲ.
ಸಾವಿರ ಬೀಡಿ ಒಯ್ದರೆ
ಕಂಪನಿಯ ಚೆಕ್ಕರು ಮುರಿದು ಬದಿಗೆಸೆಯುವ ಹಿಡಿ,
ಅದಕ್ಕೆ ಕೂಲಿಯಿಲ್ಲ,
ಎಲೆಯ ರೊಕ್ಕವೂ ಲೆಕ್ಕಕ್ಕೆ ಹಿಡಿದದ್ದೇ.
“ನಿಮ್ಮಲ್ಲಿ ಛಾಟಿಗೂ ಪಗಾರ ಕೊಡ್ತಾರೇನು?”
“ಕೊಡ್ತಾರ.”
ಅವ್ವ ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದಳು,
ಏಳು ಸಮುದ್ರದಾಚೆಯ ಯಾವುದೋ ರಾಜನ
ನ್ಯಾಯದ ಕತೆ ಕೇಳಿದವಳಂತೆ.
ಆಮೇಲೆ ದಾರ ಹಲ್ಲಿನಲ್ಲಿ ಕಡಿದು,
“ಮತ್ತೇನು ಕುಂತೀ? ಇನ್ನೊಂದು ಕಟ್ಟು.”

ವಹಿಯಲ್ಲಿ ಅಂಕಿ ಇಂಗ್ಲಿಷು, ಷರಾ ಮರಾಠಿ.
ಅಂಚಿನಲ್ಲಿ ಪೆನ್ಸಿಲು ನನ್ನದು:
೪೧. ಛಾಟ್. ಪಗಾರ ಬಂದಿದೆ.

ಇವತ್ತು ತೂಗಿದ್ದು ೪೨.
ಲ್ಯಾಂಥನಮ್ ಇಮ್ಮಡಿ, ನಿಕ್ಕಲ್ ಅರ್ಧ.
ಶ್ರೀಹರಿ ಪಂಪಿನ ಹತ್ತಿರ ತಲೆ ವಾಲಿಸಿ ನಿಂತಿದ್ದಾನೆ.
ಕುಲುಮೆ ಆರುನೂರ ಹತ್ತು.
ಆರುನೂರ ಹನ್ನೊಂದು.