ಬಾಲಂಗೋಚಿ

ರೂವಿಯಲ್ಲಿ ಹಲ್ಲಿನ ಕ್ಲಿನಿಕ್ಕು, ಎರಡನೇ ಮಹಡಿ.
ಬಾಗಿಲಿಗೆ ಎದುರಿನ ಮೇಜು ನನ್ನದು.
ನಾಗವೇಣಿ ಖಾರ್ವಿ ಹಿಡಿಸದೆ
ಎದೆಯ ಬಿಲ್ಲೆಯ ಮೇಲೆ ಬರೀ ವೇಣಿ.
ವರ್ಷದ ಕೊನೆಗೆ ಹನಾನ್ ಮೇಡಮ್ಮು
ಒಂದು ಕಾಗದ ಸರಿಸಿದರು ನನ್ನ ಕಡೆ:
ಲೆಕ್ಕ ಚೊಕ್ಕ. ಸಮಯಕ್ಕೆ ಸರಿಯಾಗಿ ಬರುತ್ತಾಳೆ.
ಆದರೆ ಶೀ ಕಮ್ಸ್ ಅಕ್ರಾಸ್ ಆ್ಯಸ್ ರೂಡ್.

ಕಮ್ ಗೊತ್ತಿತ್ತು. ಅಕ್ರಾಸೂ ಗೊತ್ತಿತ್ತು.
ಅಕ್ರಾಸ್ ಬಂದವಳೇ ತಾನೆ ನಾನು,
ಗಂಗೊಳ್ಳಿಯಿಂದ, ಅದೇ ಉಪ್ಪುನೀರಿನ ಈ ದಡಕ್ಕೆ.
ಎರಡೂ ಸೇರಿ ನನ್ನನ್ನು ಏನು ಮಾಡಿದವು?
'ನೀನು ಹಾಗಿದ್ದೀಯ ಅಂತಲ್ಲ,' ಅಂದರು ಮೇಡಮ್ಮು,
ಕನ್ನಡಕ ಒರೆಸುತ್ತ. ಮುಂದೆ ಹೇಳಲಿಲ್ಲ.

ಗುರುವಾರ ರಾತ್ರಿ, ದರ್ಜಿ ಅಂಗಡಿಯ ಮೇಲಿನ ಕೋಣೆ.
ಸುಡಾನಿನ ಇದ್ರೀಸ್ ಮೇಷ್ಟ್ರು, ತಿಂಗಳಿಗೆ ಹತ್ತು ರಿಯಾಲ್.
ಕೆಳಗೆ ಹೊಲಿಗೆ ಮೆಷಿನ್ನು ಓಡಿದಾಗಲೆಲ್ಲ
ಬೋರ್ಡಿನ ಮೇಲಿನ ಅಕ್ಷರ ನಡುಗುತ್ತಿತ್ತು.
ಪುಟ್ ಆಫ್: ಇಲ್ಲಿ ಆರುವುದು ದೀಪವಲ್ಲ, ಮನಸ್ಸು.
ಸ್ಟ್ರೈಕ್: ಕೈ ಎತ್ತದೆಯೂ ಹೊಡೆಯಬಹುದು.
ಕಮ್ ಆಫ್: ಹಾಗೆ ಕಾಣುವುದು.
(ಗೋಡೆಯ ಬಣ್ಣ ಕಿತ್ತು ಬಂದರೂ ಅದೇ ಮಾತು!)
ಪಕ್ಕದ ಬೆಂಚಿನ ರೊವೆನಾ ಕೇಳಿದಳು,
'ಸರ್, ಇಷ್ಟು ಸಣ್ಣ ಪದಕ್ಕೆ ಇಷ್ಟೊಂದು ಜಂಬವೇಕೆ?'

ನನಗೆ ನಗು. ಗಾಳಿಪಟ ಎಷ್ಟೇ ದೊಡ್ಡದಿರಲಿ
ಬಾಲಂಗೋಚಿ ಅಲ್ಲವೆ ಅದರ ನಡತೆ?
ನಮ್ಮಲ್ಲೂ ಹಾಗೇ:
ಹೇಳಿಕೊಟ್ಟರೆ ಪಾಠ, ಹೇಳಿಕೊಂಡರೆ ದುಃಖ,
ಹೇಳಿಬಿಟ್ಟರೆ ಆಮೇಲೆ ಮಾತು ಬಿಟ್ಟ ಅಕ್ಕ.
ಒಂದೇ ವ್ಯತ್ಯಾಸ. ನಮ್ಮೂರಲ್ಲಿ
'ನನಗೆ ಹಾಗನಿಸಿತು' ಅಂದವರ ಮೇಲೆ ಅದರ ಹೊಣೆ.
ಇಲ್ಲಿ ಕಂಡವಳೇ ಹೊರಡಬೇಕು
ಅಡ್ಡ ದಾಟಿ, ಕಂಡವರ ತಲೆಯೊಳಕ್ಕೆ,
ಹೋಗುವಾಗ ಮುಖ ತೊಳೆದುಕೊಂಡು.

ಮರುದಿನ ರಜೆ. ಬಟ್ಟೆ ಹಿಂಡುವಾಗ ಹೊಳೆಯಿತು.
ದಿನಕ್ಕೆ ನಲವತ್ತು ಸಲ ನಾನು ಅನ್ನುವುದು:
ಸಿಟ್. ವೇಟ್. ಪೇ ಹಿಯರ್.
ಮನಸ್ಸಿನಲ್ಲಿ ಇದ್ದದ್ದು ಕೂತ್ಕೊಳ್ಳಿ.
ಆ 'ಳ್ಳಿ'ಯಲ್ಲಿ ಇತ್ತಲ್ಲ ನನ್ನ ಮರ್ಯಾದೆಯೆಲ್ಲ,
ಎದ್ದು ನಿಂತದ್ದು, ನೀರು ಕೊಟ್ಟದ್ದು,
ಚಾಪೆಯ ಮೇಲಿನ ಮರಳು ಕೊಡವಿದ್ದು!
ಬೇರೆ ಪ್ಲೀಸು ಯಾಕೆ ಬೇಕಿತ್ತು ನಮಗೆ?
ದಾಟುವಾಗ ಎಲ್ಲೋ ಬಿದ್ದುಹೋಗಿದೆ ಅದು.
ಸಿಟ್ ಮಾತ್ರ ತಲುಪಿದೆ,
ನಾಯಿಗೆ ಅಂದ ಹಾಗೆ.

ಆಮೇಲೆ ಒಂದು ಸೋಮವಾರ, ಬರ್ಕಾದ ಕಡೆಯ ಅಜ್ಜಿ,
ದವಡೆ ಊದಿ ಒಂದು ಕಣ್ಣು ಮುಚ್ಚಿದ್ದವಳು.
ಇಂಗ್ಲಿಷ್ ಅವಳಿಗಿಲ್ಲ, ಅರಬಿ ನನಗಿಲ್ಲ.
ಇದ್ದ ಒಂದೇ ಕುರ್ಚಿಗೆ ನನಗಿಂತ ಮೊದಲು
ಅವಳೇ ಕೈ ತೋರಿಸಿದಳು: 'ತಫದ್ದಲಿ.'
ಬೆಳಗಿನಿಂದ ನಿಂತೇ ಇದ್ದೆ. ಅವಳಿಗೆ ಅದು ಕಂಡಿತ್ತು.
ತಫದ್ದಲಿ ಅಂದರೆ ಬಾ, ಕೂರು, ತಗೋ,
ಎಲ್ಲವೂ ಅದೇ ಅಂತೆ. ಹೆಂಗಸಿಗೆ ಹೇಳುವಾಗ
ಕೊನೆಗೊಂದು 'ಇ'.
ಸಿಕ್ಕಿತು ನನ್ನ ಬಾಲಂಗೋಚಿ,
ಬೇರೆ ಯಾರದೋ ಪಟಕ್ಕೆ ಕಟ್ಟಿಕೊಂಡು.

ಹಲ್ಲು ಕಿತ್ತ ಮೇಲೆ ಬಿಲ್ಲು: ಇಪ್ಪತ್ತೆರಡು ರಿಯಾಲ್.
ಪೇ ಹಿಯರ್ ಬಾಯಿಗೆ ಬರಲಿಲ್ಲ.
'ತಫದ್ದಲಿ' ಅಂದೆ, ಕಾಗದ ಎರಡು ಕೈಯಲ್ಲಿ ಹಿಡಿದು.
ಹತ್ತಿ ಕಚ್ಚಿದ ಬಾಯಲ್ಲಿ ಅಜ್ಜಿ ನಕ್ಕಳೋ,
ನೋವಿಗೆ ಮುಖ ಹಿಂಡಿದಳೋ,
ಹೇಗೆ ಕಂಡಿತೆಂದು ಪ್ರಮಾಣ ಮಾಡಲಾರೆ.

ಪರೀಕ್ಷೆಗೆ ಒಂದು ವಾಕ್ಯ ಮಾಡಿ ಅಂದರು ಮೇಷ್ಟ್ರು.
ಬರೆದೆ: ಐ ಕೇಮ್ ಅಕ್ರಾಸ್.
ಕೆಂಪು ಶಾಯಿಯಲ್ಲಿ ಅದರ ಮುಂದೆ
ಆ್ಯಸ್ ವಾಟ್? ಎಂದು ಕೇಳಿ
ಅರ್ಧ ಅಂಕ ಕೊಟ್ಟಿದ್ದಾರೆ.