ತಾಯಿ ಅಂಡರ್‌ಸ್ಕೋರ್ ಎರಡು

ಕೌಲ್ ಬಜಾರಿನ ಹಿಂದಿನ ಲ್ಯಾಬಿನಲ್ಲಿ
ಮಧ್ಯಾಹ್ನ ಕರೆಂಟು ಬಂದ ಮೇಲೆ
ಗಾದಿಲಿಂಗಪ್ಪನ ಫೈಲು ಬಿಚ್ಚುತ್ತೇನೆ.
ಹನ್ನೊಂದು ವರ್ಷದ ಧೂಳು, ಗಂಟೆಗೊಂದು ಅಂಕಿ.

ಹೆಸರುಗಳೆಲ್ಲ ಅವನವೇ:
ಧೂಳಿಗೆ ಕೆಂಪು,
ಗಾಳಿಯ ತೇವಕ್ಕೆ ಬೆವರು,
ಮಳೆಗೆ ಅಪರೂಪ.

ದಿಲ್ಲಿಗೆ ಕಳಿಸುವ ಫೈಲಿನಲ್ಲಿ ಇವು ನಡೆಯುವುದಿಲ್ಲ.
ಅಲ್ಲಿಯ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಮಂಜೂರಾದ ಹೆಸರು,
ಕೆಲವು ಗಿಡ್ಡ, ಕೆಲವು ಮೊಳದುದ್ದ.

ಲೈಬ್ರರಿ ಕರೆದು ಒಂದು ಸಾಲು ಬರೆದರೆ ಸಾಕು,
ಹಳೆಯದು ಎಡಕ್ಕೆ, ಹೊಸದು ಬಲಕ್ಕೆ.
ಕೆಂಪು ಹೋಯಿತು. ಬೆವರು ಹೋಯಿತು.
ಒಳಗಿನ ಅಂಕಿಗಳಿಗೆ ಗೊತ್ತೇ ಆಗಲಿಲ್ಲ,
ನಿದ್ದೆಗಣ್ಣಿನ ಕೂಸಿಗೆ ಅಂಗಿ ಬದಲಿಸಿದ ಹಾಗೆ.

ಅಪರೂಪ ಮಾತ್ರ ಹಟ ಹಿಡಿಯಿತು.
ಹೊಸ ಹೆಸರು ಉದ್ದ; ತಲೆಬರಹದಲ್ಲಿ ಜಾಗ ಸಾಲದೆ
ಹಿಂದಿದ್ದ ಅಂಕಿಗಳೆಲ್ಲ ಗಂಟುಮೂಟೆ ಹೊತ್ತು
ಒಂದಿಷ್ಟು ಬೈಟು ಆಚೆ ಸರಿಯಬೇಕಾಯಿತು.
ನಾಲ್ಕು ನಿಮಿಷ, ಬರೀ ಫ್ಯಾನಿನ ಸದ್ದು.

ನಮ್ಮೂರಿನ ಹೆಸರು ತಿದ್ದಿದ ವರ್ಷ
ಬೋರ್ಡುಗಳಿಗೆ ಬಣ್ಣ ಹಚ್ಚಿದವನು ನನ್ನ ಮಾವ ಎರ್ರಿಸ್ವಾಮಿ.
ಕನ್ನಡದ ಸಾಲು ಮೊದಲೇ ಸರಿಯಿತ್ತು,
ಇಂಗ್ಲಿಷಿನ ಎರಡಕ್ಷರ ಕೆರೆದು ಬರೆದ.
ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತ ಕೇಳಿದ:
"ಈಗ ಬಿಸ್ಲಿಗೆ ಯಾರು ಹೇಳ್ತಾರ?"

ಕೊನೆಗೆ ಉಳಿದದ್ದು ಒಂದೇ,
ತಾಯಿ ಅಂಡರ್‌ಸ್ಕೋರ್ ಎರಡು.
ಮೂಲಮಾನ: ಡಿಗ್ರಿ. ವಿವರಣೆ: ಖಾಲಿ.
ಮೊದಲನೆಯ ತಾಯಿ ಎಲ್ಲಿ?
ಹುಡುಕಿದೆ. ಇರಲಿಲ್ಲ.
ಕೇಳೋಣವೆಂದರೆ ಗಾದಿಲಿಂಗಪ್ಪನೂ ಇಲ್ಲ.

ವೇಬ್ರಿಡ್ಜಿನ ಖಾಜಾವಲಿ ಹೇಳಿದ:
"ಸಂಡೂರು ರಸ್ತ್ಯಾಗ ಮಜ್ಜಿಗಿ ತಾಯಕ್ಕ ಇದ್ಲಲ್ರೀ,
ಆಕಿ ಬೇವಿನ ನೆಳ್ಳಾಗ ಥರ್ಮಾಮೀಟರು ಕಟ್ಟಿದ್ದ.
ಕಂಬದ ಬಿಸಿಲು ಬ್ಯಾರೆ, ಮಂದಿ ಬಿಸಿಲು ಬ್ಯಾರೆ ಅಂತಿದ್ದ.
ಮೊದಲಿಂದು ಲಾರಿ ಹಾಯ್ದು ಒಡೀತು.
ಇದು ಎರಡನೇದು."

ತೆರೆದು ನೋಡಿದೆ.
ಮೇ ತಿಂಗಳು, ಮಧ್ಯಾಹ್ನ ಮೂರು:
ಕಂಬದಲ್ಲಿ ನಲವತ್ತಮೂರೂವರೆ,
ತಾಯಿಯಲ್ಲಿ ಮೂವತ್ತೆಂಟು.
ವರ್ಷ ವರ್ಷವೂ ಹೀಗೇ, ಐದಾರರ ಅಂತರ.
ಆಮೇಲೆ ಒಂದು ಫೆಬ್ರವರಿ, ಮಂಗಳವಾರ,
ಹನ್ನೊಂದು ಗಂಟೆಯ ಸಾಲಿನಲ್ಲಿ
ಎರಡೂ ಒಂದೇ ಅಂಕಿ.
ಅಲ್ಲಿಂದ ಫೈಲಿನ ತುದಿಯವರೆಗೆ ಒಂದೇ.
ರಸ್ತೆ ಅಗಲವಾದದ್ದು ಅಂದೇ ಇರಬೇಕು.

ಪಟ್ಟಿಯಲ್ಲಿ ನೆರಳಿಗೆ ಹೆಸರಿಲ್ಲ.
ಕಂಬದ ಹೆಸರನ್ನೇ ಇಡಲು ಹೋದರೆ
ಆ ಹೆಸರಿನದು ಈಗಾಗಲೇ ಇದೆ, ಎಂದಿತು ಲೈಬ್ರರಿ.
ಅದೂ ನಿಜವೇ.
ತಾಯಿಯನ್ನು ಹಾಗೆಯೇ ಬಿಟ್ಟು
ಖಾಲಿ ವಿವರಣೆಯಲ್ಲಿ ಕನ್ನಡದಲ್ಲಿ ಬರೆದೆ:
ಮಜ್ಜಿಗೆ ಅಂಗಡಿ, ಬೇವಿನ ಕೆಳಗೆ. ಇತ್ತು.

ಉಳಿಸಿ ಮುಚ್ಚುವಾಗ
ಹನ್ನೊಂದು ವರ್ಷದ ಅಂಕಿಗಳು
ಮತ್ತೊಮ್ಮೆ ತುಸು ಸರಿದು ಕೂತವು.