ಚೆಕ್ಕರ್ ಹೇಳದೆ ಉಳಿದದ್ದು

ಅಂಬ್ಲಮೊಗರಿನ ಶಾಲೆ. ಐದನೇ ತರಗತಿ.
ಹಿಂದಿನ ಬೆಂಚಿನಲ್ಲಿ, ಮೊಣಕಾಲು ತುರುಕಲಾಗದೆ, ನಾನು.
ಕೈಯಲ್ಲಿ ಐರಿನ್ ಟೀಚರ ಪಾಠಯೋಜನೆ,
ಉದ್ದೇಶ ಎಂಬಲ್ಲಿ ದುಂಡಗಿನ ಅಕ್ಷರ:
‘ಮಕ್ಕಳು ಭಿನ್ನರಾಶಿಯನ್ನು ಅರ್ಥೈಸಿಕೊಳ್ಳುವರು.’

ನಾನು ಕ್ಲಸ್ಟರಿನವಳು. ಹದಿನಾಲ್ಕು ಶಾಲೆ, ಒಂದು ಸ್ಕೂಟರ್.
ಈ ವಾಕ್ಯವನ್ನು ಹದಿನಾಲ್ಕೂ ಕಡೆ ಓದಿದ್ದೇನೆ,
ಹದಿನಾಲ್ಕೂ ಕಡೆ ಅಡಿಯಲ್ಲಿ ಸಹಿ ಹಾಕಿದ್ದೇನೆ.
ಇವತ್ತು ಯಾಕೋ ಪೆನ್ನು ನಿಂತಿತು.

‘ಅರ್ಥವಾಯಿತೆಂದು ಗೊತ್ತಾಗುವುದು ಹೇಗೆ ಟೀಚರ್?’
‘ಕೇಳ್ತೇನಲ್ಲ, ಅರ್ಥ ಆಯ್ತಾ ಅಂತ.’
‘ಅವರು?’
‘ಹೌದು ಟೀಚರ್ ಅಂತಾರೆ. ಇಪ್ಪತ್ತೇಳು ಬಾಯಿ, ಒಂದೇ ರಾಗ.’
ಹೇಳಿ ಅವರೇ ನಕ್ಕರು.
ನಗು ಅರ್ಧದಲ್ಲಿ ನಿಂತಿತು.

ನನ್ನಮ್ಮ ಬೀಡಿ ಕಟ್ಟುತ್ತಿದ್ದಳು.
ಮಡಿಲಲ್ಲಿ ತಡ್ಪೆ, ನೆನೆದ ಎಲೆ, ಹೊಗೆಸೊಪ್ಪು,
ಬೆರಳಿಗೆ ಸುತ್ತಿದ ನೂಲು.
ಇಪ್ಪತ್ತೈದರ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ.
ಬ್ರಾಂಚಿಗೆ ಹೊತ್ತೊಯ್ದರೆ ಚೆಕ್ಕರ್
ಹೆಬ್ಬೆರಳಲ್ಲೊಮ್ಮೆ ಒತ್ತಿ ನೋಡುತ್ತಿದ್ದ,
ಎರಡು ಕಟ್ಟು ಮುರಿದು ಡಬ್ಬಕ್ಕೆ ಎಸೆಯುತ್ತಿದ್ದ.
ಯಾಕೆ ಎಂದರೆ
‘ಸರಿ ಇಲ್ಲ.’

ಸರಿ ಎಂದರೆ ಎಷ್ಟು?
ನೂಲು ಎಲ್ಲಿ ನಿಲ್ಲಬೇಕು, ತಲೆ ಎಷ್ಟು ಮಡಚಬೇಕು?
ಅಳತೆ ಇಲ್ಲದೆ ಇರಲಿಲ್ಲ.
ಇತ್ತು, ಅವನ ಹೆಬ್ಬೆರಳಿನಲ್ಲಿ.
ಇಪ್ಪತ್ತೆರಡು ವರ್ಷ ಅಮ್ಮ ಅದನ್ನು ಊಹಿಸುತ್ತ ಕಟ್ಟಿದಳು,
ಮನೆಯ ದಾರಿಯುದ್ದಕ್ಕೂ ತನ್ನ ಬೆರಳುಗಳನ್ನೇ ಬೈಯುತ್ತ ಬಂದಳು.

ಇದನ್ನೆಲ್ಲ ಟೀಚರಿಗೆ ಹೇಳಲಿಲ್ಲ. ಇಷ್ಟೇ ಕೇಳಿದೆ:
‘ಬೆಲ್ಲು ಹೊಡೆಯುವಾಗ ಮಗು ಏನು ಮಾಡಿ ತೋರಿಸಬೇಕು?
ನಿಮ್ಮ ಕಣ್ಣಿಗೆ ಕಾಣುವಂಥದ್ದು, ಕಿವಿಗೆ ಬೀಳುವಂಥದ್ದು.’

ಅವರು ಬರೆದರು, ಒರೆಸಿದರು.
‘ತಿಳಿಯುವರು’ ಎಂದು ಬರೆದು
‘ಇದೂ ಕಾಣುವುದಿಲ್ಲ ಮಾರಾಯ್ರೆ’ ಎಂದು ಮತ್ತೆ ಒರೆಸಿದರು.
ಸೆರಗಿನ ತುಂಬ ಸೀಮೆಸುಣ್ಣದ ಹುಡಿ.
ಕೊನೆಗೆ ಬೋರ್ಡಿನ ಮೇಲೆ ಉಳಿದದ್ದು:

‘ಒಂದು ನೀರುದೋಸೆ. ಮೂವರು ಹಂಚಿಕೊಂಡಾಗಿನ ಪಾಲು
ಇಬ್ಬರು ಹಂಚಿಕೊಂಡಾಗಿನ ಪಾಲಿಗಿಂತ ದೊಡ್ಡದೋ ಚಿಕ್ಕದೋ?
ಚಿತ್ರ ಬಿಡಿಸಿ, ಯಾಕೆಂದು
ಪಕ್ಕದವರು ಒಪ್ಪುವ ಹಾಗೆ ಹೇಳಬಲ್ಲೆ.’

ಬಲ್ಲೆ ಎಂದೇ ಬರೆದರು. ಬಲ್ಲರು ಎಂದಲ್ಲ.
ಆ ಒಂದು ಕ್ರಿಯಾಪದ
ಮೇಜಿನಿಂದ ಇಳಿದು ಬೆಂಚಿಗೆ ಬಂದು ಕೂತಿತು.

ಮೊದಲ ಬೆಂಚಿನ ಲಿಖಿತ್, ‘ಹೌದು ಟೀಚರ್’ಗಳ ಮುಂದಾಳು,
‘ಮೂರರದ್ದೇ ದೊಡ್ಡದು’ ಅಂದ.
‘ಎರಡಕ್ಕಿಂತ ಮೂರು ದೊಡ್ಡದಲ್ವಾ?’
ಮಿಸ್ರಿಯಾ ಪುಸ್ತಕದಿಂದ ಹಾಳೆ ಕಿತ್ತು
ದುಂಡಗೆ ಹರಿದು ಅವನ ಮುಂದೆ ಹಿಡಿದಳು:
‘ನಮ್ಮ ಮನೆಯಲ್ಲಿ ಎಂಟು ಜನ.
ಜನ ಹೆಚ್ಚಾದ್ರೆ ದೋಸೆ ಬೆಳೆಯುದಿಲ್ಲ ಮಾರಾಯ.’

ಹತ್ತೊಂಬತ್ತು ಮಂದಿ ಪಕ್ಕದವರನ್ನು ಒಪ್ಪಿಸಿದರು.
ಎಂಟು ಹೆಸರು ಉಳಿದವು.
ಟೀಚರ್ ಪೆನ್ಸಿಲಿನಲ್ಲಿ ಬರೆದುಕೊಂಡರು,
ಡಬ್ಬಕ್ಕೆ ಹಾಕಲು ಅಲ್ಲ,
ನಾಳೆ ಎಲ್ಲಿಂದ ಶುರು ಎಂದು ಮರೆಯದಿರಲು.

ಲಿಖಿತ್ ಬಂದು ಪಟ್ಟಿಯಲ್ಲಿ ತನ್ನ ಹೆಸರು ತಾನೇ ತೋರಿಸಿದ.
‘ಚಿತ್ರ ಬಂತು ಟೀಚರ್. ಯಾಕೆ ಅಂತ ಹೇಳ್ಲಿಕ್ಕೆ ಬರ್ಲಿಲ್ಲ.’

ಎಲ್ಲಿ ತಪ್ಪಿತೆಂದು ಹತ್ತು ವರ್ಷದವನಿಗೆ ಗೊತ್ತಿತ್ತು.
ನಾನು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದೆ.

ಆಮೇಲೆ ಸ್ಟಾಫ್ ರೂಮು. ಸಂದರ್ಶಕರ ಪುಸ್ತಕ.
ಭೇಟಿಯ ಉದ್ದೇಶ ಎಂಬಲ್ಲಿ ಎಂದಿನಂತೆ ಬರೆದೆ:
‘ಶೈಕ್ಷಣಿಕ ಮಾರ್ಗದರ್ಶನ.’
ಐರಿನ್ ಟೀಚರ್ ಚಹಾ ಇಡುತ್ತ, ಭುಜದ ಮೇಲಿಂದ ಓದಿ,
ತುಂಬ ಮೆಲ್ಲಗೆ:
‘ಆಯಿತೆಂದು ಗೊತ್ತಾಗುವುದು ಹೇಗೆ ಮೇಡಂ?’

ಹೊರಗೆ ಬಿಸಿಯೂಟದ ತಟ್ಟೆಗಳ ಸದ್ದು.
ಚಹಾದ ಮೇಲೆ ಕೆನೆ ಕಟ್ಟಿತು.
‘ಆ ಪೆನ್ಸಿಲ್ ಒಮ್ಮೆ ಇತ್ತ ಕೊಡಿ’ ಅಂದೆ.